ಕಬ್ಬಿಣ ತೊಟ್ಟ ಬಸವನಹುಳು

ಪೆದ್ದಪಲ್ಲಿಯ ದಿಂಬುಗಲ್ಲು

ಕೋಲಾರದ ಚಿನ್ನದ ಗಣಿ ಸೀಮೆಯ ಪೆದ್ದಪಲ್ಲಿಯಲ್ಲಿ ದಿಂಬಿನಾಕಾರದ ಲಾವಾ ಶಿಲೆಯಿದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಲಾವಾ ನೀರಿನೊಳಗೆ ಉಕ್ಕಿ, ಹೊರಮೈ ಥಟ್ಟನೆ ಗಟ್ಟಿಯಾದರೆ ಇಂಥ ದಿಂಬುಗಳಾಗುತ್ತವೆ. ಮಳೆಗಾಗಿ ಮುಗಿಲು ನೋಡುವ ಈ ನೆಲ ಸುಮಾರು 270 ಕೋಟಿ ವರ್ಷಗಳ ಹಿಂದೆ ನೀರಿನ ತಳವಾಗಿತ್ತು. ಆಗ ಬಸವನಹುಳು ಇರಲಿ, ಯಾವ ಪ್ರಾಣಿಯೂ ಹುಟ್ಟಿರಲಿಲ್ಲ.

ನೀರಿನಡಿಯ ಬೆಂಕಿ ಇಂದಿಗೂ ಆರಿಲ್ಲ. ಹಿಂದೂ ಮಹಾಸಾಗರದ ನಡುವಿನ ಏಣುಗಳಲ್ಲಿ (ತಳದ ಬೆಟ್ಟಸಾಲುಗಳಲ್ಲಿ) ಬಿರುಕಿಗಿಳಿದ ನೀರು ಕಾದು, ಲೋಹ ಮತ್ತು ಗಂಧಕವನ್ನು ಹೊತ್ತು ಬುಗ್ಗೆಯಾಗಿ ಚಿಮ್ಮುತ್ತದೆ. ಇಂಥ ಬುಗ್ಗೆಗಳ ಸುತ್ತ ಜೀವಲೋಕವೇ ಇದೆಯೆಂದು 1977ರಲ್ಲಿ ಗ್ಯಾಲಪಗಾಸ್ ಬಳಿ ಮೊದಲು ತಿಳಿಯಿತು.

ಹೊಟ್ಟೆಯೊಳಗಿನ ಅಡುಗೆಮನೆ

ಕೋಲಾರದ ಚಿನ್ನದ ಗಣಿಗಳು, ಅಂದರೆ ಕೆಜಿಎಫ್ ಗಣಿಗಳು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅದೇ ವರ್ಷದ ಏಪ್ರಿಲ್‌ನಲ್ಲಿ ಹಿಂದೂ ಮಹಾಸಾಗರದ ಕೈರೇ ಎಂಬ ಬುಗ್ಗೆತಾಣದಲ್ಲಿ, ಸುಮಾರು 2,400 ಮೀಟರ್ ಆಳದಲ್ಲಿ, ಒಂದು ವಿಚಿತ್ರ ಬಸವನಹುಳು ಸಿಕ್ಕಿತು. ನಮ್ಮ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ; ಕಡಲ ಮೇಲ್ಮೈಯಿಂದ ಈ ಹುಳುವಿನ ಮನೆ ಇರುವ ಆಳಕ್ಕಿಂತ ಹೆಚ್ಚು ಆಳಕ್ಕೆ ನಮ್ಮವರು ನೆಲದೊಳಗೆ ಇಳಿದು ದುಡಿದಿದ್ದಾರೆ.

ಅಲ್ಲಿ ಬಿಸಿಲಿಲ್ಲ, ಹಸಿರಿಲ್ಲ. ಹುಳುವಿನ ಅನ್ನನಾಳದ ಗ್ರಂಥಿ ಊದಿಕೊಂಡಂತೆ ಬೆಳೆದಿದ್ದು, ಅದರಲ್ಲಿ ಬ್ಯಾಕ್ಟೀರಿಯಾಗಳು ನೆಲೆಸಿವೆ. ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್‌ನಿಂದ ಶಕ್ತಿ ಪಡೆದು ಅವು ಆಹಾರ ತಯಾರಿಸುತ್ತವೆ. ಅವುಗಳಿಗೂ ಆಮ್ಲಜನಕ ತಲುಪಬೇಕಲ್ಲ, ಅದಕ್ಕಾಗಿ ಹುಳುವಿನ ಹೃದಯ ದೇಹಗಾತ್ರದ ಶೇ. 4ರಷ್ಟು ದೊಡ್ಡದಾಗಿದೆ. ಮನುಷ್ಯನಲ್ಲಿ ಇದು ಶೇ. 1ಕ್ಕಿಂತ ತುಸು ಹೆಚ್ಚು, ಅಷ್ಟೇ.

ಹುರುಪೆಯ ಗುಟ್ಟು

ಪಾದದ ತುಂಬ ಹೆಂಚು ಹೊದಿಸಿದಂತೆ ನೂರಾರು ಹುರುಪೆಗಳು. ಅವುಗಳ ಮೇಲೂ ಚಿಪ್ಪಿನ ಮೇಲೂ ಕಬ್ಬಿಣದ ಸಲ್ಫೈಡ್ ಲೇಪ. ಕಬ್ಬಿಣದ ಸಲ್ಫೈಡನ್ನು ಹೀಗೆ ಅಸ್ಥಿಪಂಜರದ ಭಾಗವಾಗಿಸಿಕೊಂಡ ಬೇರೆ ಪ್ರಾಣಿ ಗೊತ್ತಿಲ್ಲ. ಲೇಪದಲ್ಲಿ ಪೈರೈಟ್ ಇದೆ, ಚಿನ್ನದಂತೆ ಹೊಳೆದು ಏಮಾರಿಸುವ ಅದೇ ಖನಿಜ. 2015ರಲ್ಲಿ ಅಧಿಕೃತವಾದ ಕ್ರೈಸೋಮಲ್ಲಾನ್ ಸ್ಕ್ವಾಮಿಫೆರಮ್ ಎಂಬ ಹೆಸರಿನಲ್ಲೂ ಚಿನ್ನವಿದೆ.

ನನ್ನನ್ನು ಬಹಳ ಕಾಡಿದ್ದು ಸಾಲಿಟೇರ್ ಎಂಬ ಇನ್ನೊಂದು ಬುಗ್ಗೆತಾಣದ ಹುಳು. ಅದೂ ಇದೇ ಜಾತಿ, ಆದರೆ ಕಬ್ಬಿಣದ ಲೇಪವಿಲ್ಲದೆ ಬಣ್ಣ ಬಿಳಿ. ಅಲ್ಲಿನ ನೀರಿನಲ್ಲಿ ಕಬ್ಬಿಣ ತೀರಾ ಕಡಿಮೆ. ಹುರುಪೆಯ ಸೂಕ್ಷ್ಮ ನಾಳಗಳಿಂದ ಹುಳು ಮೈಗೆ ವಿಷವಾಗುವ ಗಂಧಕವನ್ನು ಹೊರಹಾಕುತ್ತದೆ, ಅದು ಹೊರಗಿನ ಕಬ್ಬಿಣದೊಡನೆ ಬೆರೆತು ಖನಿಜವಾಗುತ್ತದೆ ಎಂದು 2019ರ ಅಧ್ಯಯನ ತೋರಿಸಿತು. ವೈರಿಯನ್ನು ತಡೆಯಲೆಂದು ಎರಕ ಹೊಯ್ದ ಕವಚವೆಂದು ನಾವು ಬೆರಗಾದದ್ದು, ಮೂಲದಲ್ಲಿ ವಿಷ ಕಳೆಯುವ ದಾರಿಯಾಗಿದ್ದಿರಬಹುದು.

ಐದು ಎಕರೆ

2019ರಲ್ಲಿ ಈ ಹುಳು ಅಪಾಯದಂಚಿನ ಜೀವಿಗಳ ಕೆಂಪು ಪಟ್ಟಿಗೆ ಸೇರಿತು. ಆಳಸಮುದ್ರ ಗಣಿಗಾರಿಕೆಯ ಭೀತಿಯಿಂದ ಆ ಪಟ್ಟಿ ಸೇರಿದ ಮೊದಲ ಜೀವಿ ಇದು. ಆಗ ಗೊತ್ತಿದ್ದ ಮೂರು ನೆಲೆಗಳನ್ನು ಕೂಡಿಸಿದರೂ ಸುಮಾರು ಐದು ಎಕರೆ! ಹಿಂದೂ ಮಹಾಸಾಗರದ ಏಣುಗಳಲ್ಲಿ 10,000 ಚದರ ಕಿಲೋಮೀಟರ್ ಪ್ರದೇಶದ ಸಲ್ಫೈಡ್ ಅದಿರಿನ ಶೋಧನೆಗೆ ಭಾರತವೂ 2016ರಲ್ಲಿ 15 ವರ್ಷಗಳ ಒಪ್ಪಂದ ಮಾಡಿಕೊಂಡಿದೆ. ಶೋಧನೆ ನಡೆಯಲಿ, ಆದರೆ ಚಿಮ್ಮುತ್ತಿರುವ ಬುಗ್ಗೆಗಳನ್ನು ಯಾವ ದೇಶವೂ ಮುಟ್ಟಬಾರದು. ಗಾಳಿ ಎದ್ದರೆ ಗಣಿತ್ಯಾಜ್ಯದ ಸೈನೈಡ್ ದಿಬ್ಬಗಳ ದೂಳು ಮನೆಯೊಳಗೆ ನುಗ್ಗುವುದನ್ನು ಕೆಜಿಎಫ್‌ನವರು ಬಲ್ಲರು. ಸಾಗರತಳವನ್ನು ಅಗೆದಾಗ ಏಳುವ ರಾಡಿಯೂ ಹಾಗೆಯೇ ದೂರಕ್ಕೆ ಹರಡಿ, ಕದಲಲಾರದ ಜೀವಿಗಳ ಮೇಲೆ ಕೂರುತ್ತದೆ.