ಡೆಸ್ಕ್‌ಟಾಪ್ ಎಂಬ ಜಗಲಿ ಯಾರದು?

ಹೋದ ತಿಂಗಳು ಚಿಕ್ಕಪ್ಪ ಹೊಸ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದರು. ನಮ್ಮ ಬಳಗದಲ್ಲಿ ಇದೊಂದು ಶಾಸ್ತ್ರ. ಯಾರ ಮನೆಗೆ ಹೊಸ ಗಣಕ ಬಂದರೂ ಮೊದಲು ನನ್ನ ಟೇಬಲ್ ಮೇಲೆ ಕೂತು ಹೋಗಬೇಕು, ಇಂಜಿನಿಯರಿಂಗ್ ಓದಿದ ಪುಣ್ಯ :) ಆನ್ ಮಾಡಿ ಹತ್ತು ನಿಮಿಷ ಆಗಿರಲಿಲ್ಲ, "ನಿಮ್ಮ 30 ದಿನದ ಉಚಿತ ಅವಧಿ ಶುರುವಾಗಿದೆ" ಅಂತ ಆಂಟಿವೈರಸ್ಸೊಂದು ಮೂಲೆಯಿಂದ ಇಣುಕಿತು. ಅದರ ಹಿಂದೆಯೇ ಒಂದೆರಡು ಆಟ, ಇನ್ನೊಂದು ಫೋಟೋ ತಂತ್ರಾಂಶ. ನಾನು ಒಂದೊಂದನ್ನೇ ಕೀಳುತ್ತಿದ್ದುದನ್ನು ನೋಡಿ ಚಿಕ್ಕಪ್ಪ ಕೇಳಿದರು, "ಅಲ್ವೋ, ದುಡ್ಡು ಕೊಟ್ಟೋನು ನಾನು. ನನ್ನ ಕೇಳದೆ ಇವನ್ನೆಲ್ಲ ಒಳಗೆ ಬಿಟ್ಟೋರು ಯಾರೋ?"

ಒಳ್ಳೆಯ ಪ್ರಶ್ನೆ. ಉತ್ತರ ಹುಡುಕುತ್ತಾ ಹೋದರೆ ಸೀದಾ ಅಮೆರಿಕದ ಕೋರ್ಟಿಗೆ ಹೋಗಿ ನಿಲ್ಲುತ್ತೇವೆ.

ಇಂಗ್ಲಿಷಿನವರು ಇದಕ್ಕೆ ಬ್ಲೋಟ್‌ವೇರ್, ಕ್ರ್ಯಾಪ್‌ವೇರ್ ಅಂತೆಲ್ಲ ಹೆಸರಿಟ್ಟಿದ್ದಾರೆ. ತಂತ್ರಾಂಶಕ್ಕೆ ಪ್ರಾಸವಾಗಿ ನಾನಂತೂ 'ಕಸಾಂಶ' ಅಂತೀನಿ. ಸರಿ, ಕಥೆಗೆ ಬರೋಣ.

1996ರಲ್ಲಿ ಕಾಂಪ್ಯಾಕ್ ಅತಿ ಹೆಚ್ಚು ಪಿಸಿ ಮಾರುತ್ತಿದ್ದ ಕಂಪನಿ. ಅದು ತನ್ನ ಪ್ರೆಸಾರಿಯೊ ಗಣಕಗಳ ಡೆಸ್ಕ್‌ಟಾಪಿನಿಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮತ್ತು ಎಂಎಸ್ಎನ್ ಐಕಾನುಗಳನ್ನು ತೆಗೆದು, ಆ ಜಾಗದಲ್ಲಿ ನೆಟ್‌ಸ್ಕೇಪ್ ಮತ್ತು ಎಒಎಲ್ ಇಟ್ಟು ಮಾರತೊಡಗಿತ್ತು. ಮೈಕ್ರೋಸಾಫ್ಟ್‌ಗೆ ಸಿಟ್ಟು ಬಂತು. ಐಕಾನು ವಾಪಸ್ ಇಡದಿದ್ದರೆ ವಿಂಡೋಸ್ ಲೈಸೆನ್ಸೇ ರದ್ದು ಎಂದು ನೋಟಿಸ್ ಕಳಿಸಿತು. ವಿಂಡೋಸ್ ಇಲ್ಲದೆ ಪಿಸಿ ಯಾರಿಗೆ ಮಾರುವುದು? ಕಾಂಪ್ಯಾಕ್ ತೆಪ್ಪಗೆ ವಾಪಸ್ ಇಟ್ಟಿತು. ಗಣಕ ಆನ್ ಆದಾಗ ಬರುವ ಮೊದಲ ಪರದೆಗಳನ್ನೂ ತಯಾರಕರು ಮುಟ್ಟಬಾರದು ಎಂದು ಮೈಕ್ರೋಸಾಫ್ಟ್ ಕಟ್ಟು ಹಾಕಿತ್ತು. ನಮಗೆ ಬೇರೆ ಗತಿ ಇದ್ದಿದ್ದರೆ ನಿಮ್ಮ ಹತ್ತಿರ ಬರುತ್ತಿರಲಿಲ್ಲ ಎನ್ನುವ ಧಾಟಿಯಲ್ಲಿ ಎಚ್‌ಪಿ 1997ರಲ್ಲಿ ಕಾಗದ ಬರೆಯಿತು.

ಇದೆಲ್ಲ ಹೊರಬಂದದ್ದು ಅಮೆರಿಕ ಸರ್ಕಾರ 1998ರ ಮೇನಲ್ಲಿ ಹೂಡಿದ ಮೊಕದ್ದಮೆಯಲ್ಲಿ. ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜ್ಯಾಕ್ಸನ್ 1999ರ ನವೆಂಬರಿನಲ್ಲಿ ಕೊಟ್ಟ ವರದಿಯಲ್ಲಿ ಈ ಐಕಾನ್ ಜಗಳ ವಿವರವಾಗಿ ದಾಖಲಾಗಿದೆ. ಪತ್ತೇದಾರಿ ಕಾದಂಬರಿಯಷ್ಟೇ ರುಚಿಯಾಗಿದೆ, ಬಿಡುವಿದ್ದಾಗ ಓದಿ. 2001ರ ಜೂನಿನಲ್ಲಿ ಮೇಲ್ಮನವಿ ಕೋರ್ಟು ಕೂಡ ತಯಾರಕರ ಮೇಲಿನ ಈ ಕಟ್ಟುಗಳಲ್ಲಿ ಹೆಚ್ಚಿನವನ್ನು ತಪ್ಪೆಂದಿತು. ಮರು ತಿಂಗಳೇ ಮೈಕ್ರೋಸಾಫ್ಟ್ ಮಣಿಯಿತು: ತನ್ನ ಬ್ರೌಸರ್ ಐಕಾನನ್ನು ತಯಾರಕರು ತೆಗೆಯಬಹುದು, ತಮಗೆ ಬೇಕಾದದ್ದನ್ನು ಇಡಬಹುದು. ಆ ವರ್ಷದ ಅಕ್ಟೋಬರಿನಲ್ಲಿ ಬಂದ ಎಕ್ಸ್‌ಪಿ ಈ ಹೊಸ ನಿಯಮದ ಕೆಳಗೇ ಬಂತು. ನವೆಂಬರಿನ ರಾಜಿ ಅದನ್ನು ಗಟ್ಟಿ ಮಾಡಿತು.

ತೀರ್ಪು ಸರಿಯಾದದ್ದೇ. ಅದು ಬರುವುದಕ್ಕೆ ಮೊದಲೂ ಕಸಾಂಶ ಇತ್ತು, ಅದೂ ನಿಜ. ಆದರೆ ಒಂದು ವಿಷಯ ಗಮನಿಸಿ. ಮನೆ ಕೊಂಡವನು ಯಾರೋ, ಜಗಲಿಯ ಹಕ್ಕಿಗೆ ಬಡಿದಾಡುತ್ತಿದ್ದವರು ಗಾರೆಯವನು ಮತ್ತು ಇಟ್ಟಿಗೆಯವನು! ತೀರ್ಪಿನ ತುಂಬ ಗ್ರಾಹಕನ ಹೆಸರಿದೆ. ಮೈಕ್ರೋಸಾಫ್ಟ್‌ನ ಬ್ರೌಸರನ್ನು ಕಣ್ಣಿಂದ ಮರೆಮಾಡುವ ಹಕ್ಕೂ ಅವನಿಗೆ ಸಿಕ್ಕಿತು. ಆದರೆ ತಯಾರಕ ಏನೇನು ತುಂಬಿ ಕಳಿಸಬಹುದು ಎನ್ನುವುದು ಆ ಮೊಕದ್ದಮೆಯ ವಿಷಯವೇ ಆಗಿರಲಿಲ್ಲ.

ಆಮೇಲೆ ಆದದ್ದು ವ್ಯಾಪಾರ. ಪಿಸಿ ಬೆಲೆ ವರ್ಷವರ್ಷವೂ ಇಳಿಯುತ್ತಿತ್ತು, ಲಾಭ ತೆಳ್ಳಗಾಗುತ್ತಿತ್ತು. ಟ್ರಯಲ್ ತಂತ್ರಾಂಶದವರು ಗಣಕಕ್ಕಿಷ್ಟು ಅಂತ ದುಡ್ಡು ಕೊಡಲು ತಯಾರಿದ್ದರು. ಮಾರಿದ ಮನೆಯ ಜಗಲಿಯನ್ನೇ ಮತ್ತೆ ಬಾಡಿಗೆಗೆ ಕೊಟ್ಟ ಹಾಗೆ.

ನಮ್ಮ ಮನೆಗೆ ಮಾತ್ರ ಆಗ ಈ ಗೋಳು ತಟ್ಟಲಿಲ್ಲ. ಮೊದಲ ಗಣಕ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಸೆಂಬಲ್ ಮಾಡಿಸಿದ್ದು. ಅಂಗಡಿಯವರೇ ಸಿಡಿ ಹಾಕಿ ವಿಂಡೋಸ್ ತುಂಬಿ ಕೊಡುತ್ತಿದ್ದರು. ಆ ಸಿಡಿಯ ಲೈಸೆನ್ಸ್ ಬಗ್ಗೆ ಮಾತ್ರ ಯಾರೂ ಕೇಳುತ್ತಿರಲಿಲ್ಲ...

ಅಮೆರಿಕದಲ್ಲಿ ಗೊಣಗಾಟ ಜೋರಾಯಿತು. ವಾಲ್ ಸ್ಟ್ರೀಟ್ ಜರ್ನಲ್ಲಿನ ವಾಲ್ಟ್ ಮಾಸ್‌ಬರ್ಗ್ 2007ರ ಏಪ್ರಿಲ್ ಅಂಕಣದಲ್ಲಿ ತಮ್ಮ ಹೊಸ ಸೋನಿ ವಾಯೋ ಲ್ಯಾಪ್‌ಟಾಪಿನ ಪಾಡು ಬರೆದು ಇವಕ್ಕೆ 'ಕ್ರ್ಯಾಪ್ಲೆಟ್' ಅಂದರು. ಅಷ್ಟರಲ್ಲಾಗಲೇ ಡೆಲ್ ಗಣಕದ ಕಸ ಗುಡಿಸಲಿಕ್ಕೆಂದೇ 'ಡಿಕ್ರ್ಯಾಪಿಫೈಯರ್' ಎಂಬ ಪುಟ್ಟ ತಂತ್ರಾಂಶ ಹುಟ್ಟಿತ್ತು. 2008ರ ಮಾರ್ಚಿನಲ್ಲಿ ಸೋನಿ ತಮಾಷೆಯನ್ನೇ ಮಾಡಿತು: ಕೆಲವು ವಾಯೋಗಳನ್ನು ಕಸಾಂಶವಿಲ್ಲದೆ ಕೊಡುತ್ತೇವೆ, ಅದಕ್ಕೆ ಸುಮಾರು 50 ಡಾಲರ್ ಹೆಚ್ಚು! ಕಸ ಹಾಕಲು ಅವರಿಂದ ಕಾಸು, ಹಾಕದಿರಲು ನಮ್ಮಿಂದ ಕಾಸು. ಜನ ಉಗಿದ ಮೇಲೆ ಕೂಡಲೇ ಆ ಶುಲ್ಕ ಕೈಬಿಟ್ಟರು. 2012ರಲ್ಲಿ ಅದೇ ಮೈಕ್ರೋಸಾಫ್ಟ್ ತನ್ನ ಅಂಗಡಿಗಳಲ್ಲಿ 99 ಡಾಲರಿಗೆ ಬೇರೆ ಕಂಪನಿಗಳ ಗಣಕದ ಕಸ ತೆಗೆದುಕೊಡತೊಡಗಿತು. ಐಕಾನ್ ಜಗಳ ನೆನಪಿದ್ದವರಿಗೆ ನಗು ಬಂದಿರಬೇಕು.

ಇಲ್ಲಿಯವರೆಗೆ ಇದು ಬರೀ ಕಿರಿಕಿರಿ. 2015ರಲ್ಲಿ ಅದು ಅಪಾಯವಾಯಿತು.

2014ರ ಸೆಪ್ಟೆಂಬರಿನಿಂದ ಲೆನೊವೊ ತನ್ನ ಕೆಲವು ಗೃಹಬಳಕೆಯ ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ ತುಂಬಿ ಕಳಿಸಿತು. ನೀವು ನೋಡುವ ಪುಟದ ನಡುವೆ ತನ್ನ ಜಾಹೀರಾತು ತೂರಿಸುವುದು ಅದರ ಕೆಲಸ. ಆದರೆ ಬೀಗದ ಗುರುತಿರುವ ಪುಟಗಳೊಳಗೆ ನುಗ್ಗುವುದು ಹೇಗೆ? ಅದಕ್ಕೆ ಅದು ವಿಂಡೋಸಿನ ನಂಬಿಕಸ್ಥರ ಪಟ್ಟಿಗೆ ತನ್ನದೇ ರೂಟ್ ಸರ್ಟಿಫಿಕೇಟ್ ಸೇರಿಸಿತು. ನಿಮ್ಮ ಬ್ಯಾಂಕಿನ ಪುಟವನ್ನು ನಡುವೆ ತಡೆದು, ಬಿಚ್ಚಿ, ತಾನೇ ಬ್ಯಾಂಕು ಎನ್ನುವಂತೆ ಮತ್ತೆ ಸಹಿ ಹಾಕಿ ಬ್ರೌಸರಿಗೆ ಕೊಡುತ್ತಿತ್ತು. ಬ್ರೌಸರ್ ಬೀಗ ತೋರಿಸುತ್ತಲೇ ಇತ್ತು! ಇನ್ನೂ ಕೆಟ್ಟದ್ದೆಂದರೆ ಆ ಸಹಿಯ ಖಾಸಗಿ ಕೀಲಿ ಎಲ್ಲ ಲ್ಯಾಪ್‌ಟಾಪಿನಲ್ಲೂ ಒಂದೇ. 2015ರ ಫೆಬ್ರುವರಿಯಲ್ಲಿ ರಾಬರ್ಟ್ ಗ್ರಹಾಂ ಎಂಬ ಭದ್ರತಾ ತಜ್ಞರು ಕೆಲವೇ ಗಂಟೆಗಳಲ್ಲಿ ಅದರ ಪಾಸ್‌ವರ್ಡ್ ಒಡೆದರು. 'ಕೊಮೋಡಿಯಾ', ಅಂದರೆ ಆ ತಡೆಯುವ ಭಾಗವನ್ನು ಬರೆದ ಕಂಪನಿಯ ಹೆಸರೇ. ಆಮೇಲೆ ಹೋಟೆಲಿನ ವೈಫೈಯಲ್ಲಿ ಪಕ್ಕ ಕೂತವನೂ ನಿಮ್ಮ ಬ್ಯಾಂಕಿನ ವೇಷ ಹಾಕಬಹುದಿತ್ತು. ಅನ್‌ಇನ್‌ಸ್ಟಾಲ್ ಮಾಡಿದರೆ ತಂತ್ರಾಂಶ ಹೋಗುತ್ತಿತ್ತು, ಸರ್ಟಿಫಿಕೇಟ್ ಅಲ್ಲೇ ಉಳಿಯುತ್ತಿತ್ತು. ಇಷ್ಟೆಲ್ಲ ಮಾಡಿ, ಈ ಒಪ್ಪಂದದಿಂದ ನಮಗೇನೂ ದೊಡ್ಡ ಆದಾಯವಿರಲಿಲ್ಲ ಎಂದಿತು ಲೆನೊವೊ. ನನಗೆ ಹೊಟ್ಟೆ ಉರಿಸಿದ್ದು ಈ ಮಾತು.

ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದರೆ ಸಾಕು ಎಂದುಕೊಂಡವರಿಗೆ ಅದೇ ಆಗಸ್ಟಿನಲ್ಲಿ ಇನ್ನೊಂದು ಪೆಟ್ಟು. ಕೆಲವು ಲೆನೊವೊ ಮಾದರಿಗಳು ಮದರ್‌ಬೋರ್ಡಿನ ಫರ್ಮ್‌ವೇರಿನಿಂದಲೇ ತಮ್ಮ ತಂತ್ರಾಂಶವನ್ನು ಹೊಸ ವಿಂಡೋಸಿನೊಳಕ್ಕೂ ಸೇರಿಸುತ್ತಿದ್ದುದು ಬಯಲಾಯಿತು. ಕಂಪನಿ ಅದನ್ನು ನಿಲ್ಲಿಸುವ ಅಪ್‌ಡೇಟ್ ಕೊಟ್ಟಿತು.

2017ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು 32 ರಾಜ್ಯಗಳ ಜೊತೆ ಲೆನೊವೊ ರಾಜಿ ಮಾಡಿಕೊಂಡಿತು. ರಾಜ್ಯಗಳಿಗೆ 35 ಲಕ್ಷ ಡಾಲರ್, ಮೊದಲೇ ತುಂಬುವ ತಂತ್ರಾಂಶಗಳಿಗೆ 20 ವರ್ಷ ಭದ್ರತಾ ತಪಾಸಣೆ, ಮತ್ತು ಇಂಥ ಜಾಹೀರಾತು ತಂತ್ರಾಂಶ ಹಾಕುವ ಮೊದಲು ಕೊಂಡವನ ಒಪ್ಪಿಗೆ. ಚಿಕ್ಕಪ್ಪ ಹೇಳುವ "ನನ್ನ ಕೇಳದೆ" ಎನ್ನುವುದು ಕಾಗದದ ಮೇಲೆ ಬಂದದ್ದು ಆಗ, ಅದೂ ಒಂದೇ ಕಂಪನಿಗೆ, ಒಂದು ಬಗೆಯ ತಂತ್ರಾಂಶಕ್ಕೆ. 30 ದಿನದ ಆಂಟಿವೈರಸ್ಸಿಗೆ ಅದು ಅನ್ವಯಿಸುವುದಿಲ್ಲ.

ಅಂದಹಾಗೆ, ನಿಮ್ಮ ಮನೆಯಲ್ಲಿ 2014-15ರ ಲೆನೊವೊ ಲ್ಯಾಪ್‌ಟಾಪ್ ಇನ್ನೂ ಓಡುತ್ತಿದ್ದರೆ, ವಿಂಡೋಸಿನ ಸರ್ಟಿಫಿಕೇಟ್ ಪಟ್ಟಿ ತೆರೆದು 'ಟ್ರಸ್ಟೆಡ್ ರೂಟ್' ಭಾಗದಲ್ಲಿ ಸೂಪರ್‌ಫಿಶ್ ಹೆಸರಿದೆಯಾ ನೋಡಿ. ಇದ್ದರೆ ಅಳಿಸಿ, ಆಮೇಲೆ ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ.