ಕಯಾಕ್ ಸೀಟಿನ ಸ್ಕ್ರೂ ಕಿತ್ತು ಬಂದರೆ ಗಟ್ಟಿ ಅಂಟು ಹಾಕಿದರೆ ಸಾಕೇ?

ಮೀನು ಹಿಡಿಯಲು ಬಳಸುವ ಕಿರುದೋಣಿ ಕಯಾಕ್‌ನಲ್ಲಿ ಸೀಟಿಗೆ ಒರಗಿಯೇ ಹುಟ್ಟು ಹಾಕಬೇಕು. ಪ್ರತಿ ಎಳೆತಕ್ಕೂ ಸೀಟಿನ ಪಟ್ಟಿ ಹಿಡಿದಿರುವ ಕೊಂಡಿಯ ಮೇಲೆ ಭಾರ ಬೀಳುತ್ತದೆ. ನಡುನೀರಿನಲ್ಲಿ ಕೊಂಡಿ ಕಿತ್ತರೆ ಕೂತವರು ಹಿಂದಕ್ಕೆ ವಾಲಿ ದೋಣಿ ಮಗುಚಬಹುದು. ‘ಗಟ್ಟಿ ಅಂಟು ಹಾಕಿ’, ‘ದಪ್ಪ ಸ್ಕ್ರೂ ಹಾಕಿ’ ಎಂಬ ಸಲಹೆಗಳು ನಿಜಕ್ಕೂ ಕೆಲಸ ಮಾಡುತ್ತವೆಯೇ? ನೋಡೋಣ.

ಅಂಟು ಹಿಡಿಯುತ್ತದೆಯೇ?
ಇಲ್ಲ. ಇಂಥ ಕಯಾಕ್‌ಗಳಲ್ಲಿ ಹೆಚ್ಚಿನವು ಪಾಲಿಎಥಿಲೀನ್‌ನವು. ಮನೆ ಮೇಲಿನ ಕಪ್ಪು ನೀರಿನ ಟ್ಯಾಂಕ್ ಕೂಡ ಇದೇ ಪ್ಲಾಸ್ಟಿಕ್. ಎಪಾಕ್ಸಿ, ಸೂಪರ್ ಗ್ಲೂ ಇದರ ಮೇಲೆ ಕಚ್ಚಿಕೊಳ್ಳದೆ ಸಿಪ್ಪೆಯಂತೆ ಏಳುತ್ತವೆ.

ದಪ್ಪ ಸ್ಕ್ರೂ ಹಾಕಿದರೆ?
ಕಯಾಕ್‌ನ ಗೋಡೆ ಕೆಲವೇ ಮಿಲಿಮೀಟರ್ ದಪ್ಪ, ಪ್ಲಾಸ್ಟಿಕ್ಕೂ ಮೆತ್ತಗೆ. ಸ್ಕ್ರೂವಿನ ಕೆಲವೇ ಸುತ್ತುಗಳಿಗೆ ಹಿಡಿತ ಸಿಗುತ್ತದೆ. ಮತ್ತೆ ಕಿತ್ತರೆ ತೂತು ಇನ್ನೂ ದೊಡ್ಡದಾಗಿ, ಅಲ್ಲಿಂದ ಒಳಗೆ ನೀರು ಸೇರುತ್ತದೆ.

ಸರಿಯಾದ ದಾರಿ ಯಾವುದು?
ಭಾರವನ್ನು ಅಗಲಕ್ಕೆ ಹಂಚುವುದು.

1. ಒಳಗೆ ಕೈ ಹೋಗುವಂತಿದ್ದರೆ ಬೋಲ್ಟನ್ನು ಆರಪಾರು ಹಾಕಿ. ಒಳಬದಿಗೆ ಅಗಲವಾದ ವಾಷರ್, ನಂತರ ನೈಲಾನ್ ರಿಂಗ್ ಇರುವ ಲಾಕ್ ನಟ್ ಇರಲಿ.
2. ಕೈ ಹೋಗದಿದ್ದರೆ, ಒಳಗೆ ಮೂರು ಕಾಲಾಗಿ ಅರಳುವ ಟ್ರೈಫೋಲ್ಡ್ ರಿವೆಟ್ ಬಳಸಿ. ಸಾಮಾನ್ಯ ಪಾಪ್ ರಿವೆಟ್ ಮೆತ್ತನೆಯ ಪ್ಲಾಸ್ಟಿಕ್‌ನಿಂದ ಸುಲಭವಾಗಿ ಜಾರಿ ಬರುತ್ತದೆ.
3. ತೂತಿನ ಸುತ್ತ ದೋಣಿಗಳಿಗೆಂದೇ ಸಿಗುವ ಸೀಲೆಂಟ್ ಹಚ್ಚಿ. ಇದು ನೀರು ತಡೆಯಲಷ್ಟೇ. ಸೀಟು ಹಿಡಿದಿಡಲು ಅಲ್ಲ.
4. ಅತಿಯಾಗಿ ಬಿಗಿಯಬೇಡಿ, ಪ್ಲಾಸ್ಟಿಕ್ ತಗ್ಗಿಹೋಗುತ್ತದೆ.

ಸ್ಟೇನ್‌ಲೆಸ್ ಸ್ಟೀಲ್‌ಗೆ ತುಕ್ಕು ಹಿಡಿಯುವುದೇ ಇಲ್ಲವೇ?
ಹಿಡಿಯುತ್ತದೆ. ಸಾಮಾನ್ಯ 304 ದರ್ಜೆಯ ಸ್ಟೀಲ್‌ನಲ್ಲಿ ಸಮುದ್ರದ ಉಪ್ಪಿನಿಂದ ಸಣ್ಣ ಗುಳಿಗಳು ಬೀಳುತ್ತವೆ. ಶೇ 2ರಿಂದ 3ರಷ್ಟು ಮಾಲಿಬ್ಡಿನಂ ಇರುವ 316 ದರ್ಜೆ ಹೆಚ್ಚು ಬಾಳುತ್ತದೆ. ಸೀಟಿನ ಚೌಕಟ್ಟು ಅಲ್ಯೂಮಿನಿಯಂ ಆಗಿದ್ದರೆ ಇನ್ನೊಂದು ತೊಂದರೆ ಇದೆ: ಉಪ್ಪುನೀರಿನಲ್ಲಿ ಎರಡು ಲೋಹ ತಾಗಿದರೆ ಬ್ಯಾಟರಿಯಂಥ ಕ್ರಿಯೆ ನಡೆದು ಅಲ್ಯೂಮಿನಿಯಂ ಸವೆಯುತ್ತದೆ. ನಡುವೆ ನೈಲಾನ್ ವಾಷರ್ ಹಾಕಿ, ಪ್ರತಿ ಬಾರಿ ಸಿಹಿನೀರಿನಲ್ಲಿ ತೊಳೆಯಿರಿ.

ನಮ್ಮ ತೀರ್ಮಾನ
ಅಂಟಿನ ಸಲಹೆ ತಪ್ಪು, ದಪ್ಪ ಸ್ಕ್ರೂ ತಾತ್ಕಾಲಿಕ. ರಿಪೇರಿ ಮಾಡಿದ ಮೇಲೆ ದಡದಲ್ಲೇ ಕೂತು, ಬಲವಾಗಿ ಒರಗಿ ಪರೀಕ್ಷಿಸಿ. ನೀರಿಗಿಳಿಯುವಾಗ ಲೈಫ್ ಜಾಕೆಟ್ ಮರೆಯಬೇಡಿ.