ಮಡಚುವ ಫೋನು, ಅದರೊಳಗೆ ಉಳಿದುಹೋದ ಫೋಟೋಗಳು

ಕಲ್ಲಡ್ಕ ಪೇಟೆಯ ಯಾವುದಾದರೂ ಮೊಬೈಲ್ ಅಂಗಡಿಗೆ ಹೋಗಿ "ಮಡಚುವ ಫೋನ್ ಉಂಟಾ?" ಎಂದು ಕೇಳಿ ನೋಡಿ. "ಅಜ್ಜನಿಗಾ, ಅಜ್ಜಿಗಾ?" ಎಂಬ ಮರುಪ್ರಶ್ನೆ ಬರುತ್ತದೆ. ಇಪ್ಪತ್ತು ವರ್ಷದ ಹಿಂದೆ ಇದನ್ನೇ ಕೇಳಿದ್ದರೆ, "ಗಲ್ಫಿನಿಂದ ಯಾರಾದರೂ ಬರುವವರಿದ್ದರೆ ಹೇಳಿ ತರಿಸಿಕೊಳ್ಳಿ" ಎನ್ನುತ್ತಿದ್ದರು. ಒಂದು ತಲೆಮಾರಿನೊಳಗೆ ಅದೇ ವಸ್ತು ಮದುಮಗನ ಕಿಸೆಯಿಂದ ಅಜ್ಜಿಯ ಎಲೆಯಡಿಕೆ ಚೀಲಕ್ಕೆ ಬಂದು ಕೂತಿದೆ. ಈ ನಡುವೆ ನಡೆದದ್ದೇನು ಎಂದು ನೋಡಿದರೆ ನಮ್ಮೂರ ಕಡೆಯ ಇತಿಹಾಸವೇ ಸ್ವಲ್ಪ ಕಾಣುತ್ತದೆ.

ಫೋನ್ ಎಂದರೆ ಸ್ಟ್ಯಾಂಡಿನ ಮೇಲೆ ಕೂತಿರುವ ವಸ್ತು ಎಂಬ ಕಾಲ ಬಹಳ ದೂರದ್ದಲ್ಲ. ಹಳ್ಳಿಗಳಿಗೆಂದೇ ಸಿ-ಡಾಟ್ ಸಂಸ್ಥೆ ರೂಪಿಸಿದ ಸಣ್ಣ ಎಕ್ಸ್‌ಚೇಂಜ್ ಮೊದಲು ಶುರುವಾದದ್ದು ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ, 1986ರಲ್ಲಿ. ದೂಳು, ಸೆಕೆ ತಡೆಯುವ, ಎಸಿ ಕೋಣೆ ಬೇಡದ ಯಂತ್ರ ಅದು. ಅಂಥವು ಊರೂರಿಗೆ ಬಂದ ಮೇಲೆ ಎಸ್‌ಟಿಡಿ ಬೂತ್ ಬಂತು, ಬಳಿಕ ಒಂದು ರೂಪಾಯಿಯ ಕಾಯಿನ್ ಬಾಕ್ಸ್. 1995ರ ಜುಲೈ 31ರಂದು ಕೋಲ್ಕತ್ತದಿಂದ ಜ್ಯೋತಿ ಬಸು ಅವರು ದಿಲ್ಲಿಯ ಸುಖರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರಲ್ಲ, ಆ ಸುದ್ದಿ ನಮ್ಮ ಕಡೆ ಪೇಪರಿನಲ್ಲಿ ಓದುವ ವಿಷಯವಷ್ಟೇ ಆಗಿತ್ತು.

ನಮಗೆ ಮುಖ್ಯವಾದ ಇಸವಿ ಎರಡು. 2002ರ ಅಕ್ಟೋಬರದಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಸೇವೆಗೆ ಇಳಿಯಿತು. 2003ರ ಮೇ 1ರಿಂದ ಒಳಬರುವ ಕರೆ ಉಚಿತವಾಯಿತು. ಈ ಎರಡನೆಯದ್ದೇ ದೊಡ್ಡ ತಿರುವು ಎಂದು ನನ್ನ ಲೆಕ್ಕ. ಅದಕ್ಕೂ ಮೊದಲು ಬೇರೆಯವರು ಮಾಡಿದ ಕರೆ ಎತ್ತಿದರೂ ನಮ್ಮ ದುಡ್ಡು ಹೋಗುತ್ತಿತ್ತು. ಉಚಿತವಾದ ಮೇಲೆ ಬೀಡಿ ಕಟ್ಟುವ ಮನೆಗೂ, ಕೂಲಿಗೆ ಹೋಗುವವರಿಗೂ ಫೋನ್ ಇಟ್ಟುಕೊಳ್ಳಬಹುದು ಎಂಬ ಧೈರ್ಯ ಬಂತು. ಕರೆನ್ಸಿ ಇಲ್ಲದಿದ್ದರೂ ಮಿಸ್ಡ್ ಕಾಲ್ ಕೊಟ್ಟರಾಯಿತು.

ಆ ಹೊತ್ತಿಗೆ ಊರಿಗೆ ಬಂದವು ಹೆಚ್ಚಾಗಿ ಮಡಚಲಾಗದ ಕಡ್ಡಿ ಫೋನುಗಳು. ನೋಕಿಯಾ 1100, ತಲೆಯಲ್ಲಿ ಟಾರ್ಚ್ ಇದ್ದದ್ದು, ಎಲ್ಲರಿಗೂ ನೆನಪಿರಬಹುದು. ಮಡಚುವ ಫೋನು ಬೇರೆ ಜಾತಿಯದ್ದು. ಮೋಟೊರೋಲಾ ಕಂಪೆನಿ 1996ರಲ್ಲಿ ಸ್ಟಾರ್‌ಟ್ಯಾಕ್ ಎಂಬ ಪೂರ್ತಿ ಮಡಚುವ ಫೋನ್ ತಂದಿತ್ತು. ಅದರದ್ದೇ ರೇಜರ್ ವಿ3 2004ರಲ್ಲಿ ಬಂದಾಗ ಲೋಕವೇ ಹುಚ್ಚೆದ್ದಿತು. ದಪ್ಪ ಬರೀ 13.9 ಮಿಲಿಮೀಟರ್, ಲೋಹದ ಮೈ, ನೀಲಿ ಬೆಳಕಿನ ಕೀಲಿಗಳು. ಮದುವೆ ಮನೆಯಲ್ಲಿ ಒಬ್ಬ ಅದನ್ನು ಒಂದೇ ಕೈಯಲ್ಲಿ "ಟಕ್" ಎಂದು ತೆರೆದರೆ ಅಡುಗೆಯವರ ತನಕ ಎಲ್ಲರೂ ತಿರುಗಿ ನೋಡುತ್ತಿದ್ದರು. ಗಲ್ಫಿನಿಂದ ಬರುವವರ ಪೆಟ್ಟಿಗೆಯಲ್ಲಿ ಸೆಂಟು, ಟಾರ್ಚು, ಸಾಬೂನಿನ ಜೊತೆಗೆ ಇದಕ್ಕೂ ಜಾಗ ಆಯಿತು.

ತೋರಿಕೆಯ ಮಾತು ಇಷ್ಟು. ನಿಜವಾಗಿ ದೊಡ್ಡ ಬದಲಾವಣೆ ತಂದದ್ದು ಅದರ ಮುಚ್ಚಳದಲ್ಲಿದ್ದ ಸಾಸಿವೆ ಗಾತ್ರದ ಕ್ಯಾಮೆರಾ.

ಅಷ್ಟರ ತನಕ ನಮ್ಮ ಮನೆಗಳಲ್ಲಿ ಫೋಟೋ ಎಂದರೆ ಏನು? ಮದುವೆಯ ಆಲ್ಬಂ, ಶಾಲೆಯ ಗ್ರೂಪ್ ಫೋಟೋ, ಬಿ.ಸಿ.ರೋಡಿನಲ್ಲೋ ಪುತ್ತೂರಿನಲ್ಲೋ ಸ್ಟುಡಿಯೋಕ್ಕೆ ಹೋಗಿ ಪೌಡರ್ ಹಾಕಿ ತೆಗೆಸಿದ ಒಂದು ಫೋಟೋ, ಕೊನೆಗೆ ಗೋಡೆಯಲ್ಲಿ ಹಾರ ಹಾಕಲು ಒಂದು. ರೋಲಿನಲ್ಲಿ 36 ಫಿಲ್ಮು, ತೊಳೆಸಲು ಬೇರೆ ಖರ್ಚು. ಹಾಗಾಗಿ ಅಡಿಕೆ ಸುಲಿಯುವ ಅಜ್ಜಿ, ಬೀಡಿಯ ಸೂಪು ಮಡಿಲಲ್ಲಿಟ್ಟ ಅಮ್ಮ, ಕೊಟ್ಟಿಗೆಯ ಕರು, ಇವರ ಫೋಟೋ ತೆಗೆಯುವುದು ಯಾರಿಗೂ ಹೊಳೆಯುತ್ತಿರಲಿಲ್ಲ. ಹೊಳೆದರೂ ರೋಲು ದಂಡ. ಕ್ಯಾಮೆರಾ ಫೋನು ಈ ಲೆಕ್ಕವನ್ನೇ ತೆಗೆದುಹಾಕಿತು. ಒತ್ತಿದರೆ ದುಡ್ಡಿಲ್ಲ, ಸರಿಯಾಗದಿದ್ದರೆ ಅಳಿಸಬಹುದು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಸ್ವಂತದ್ದು ಎನ್ನುವ ಮೊದಲ ಕ್ಯಾಮೆರಾ ಇದೇ.

ಚಿತ್ರ ಚೆನ್ನಾಗಿ ಬರುತ್ತಿತ್ತು ಎಂದು ನಾನು ಹೇಳುವುದಿಲ್ಲ. ಜಪಾನಿನಲ್ಲಿ 2000ದಲ್ಲಿ ಶಾರ್ಪ್ ಕಂಪೆನಿ ಮಾಡಿದ ಕ್ಯಾಮೆರಾ ಫೋನಿನಲ್ಲಿ ಇದ್ದದ್ದು 1.1 ಲಕ್ಷ ಚುಕ್ಕಿಗಳು. ರೇಜರಿನಲ್ಲಿ ಅಡ್ಡಕ್ಕೆ 640, ಉದ್ದಕ್ಕೆ 480, ಅಂದರೆ ಸುಮಾರು ಮೂರು ಲಕ್ಷ. ಇದಕ್ಕೇ 0.3 ಮೆಗಾಪಿಕ್ಸೆಲ್, ವಿಜಿಎ ಎನ್ನುವುದು. ಸ್ಟುಡಿಯೋದ ಗುಣಮಟ್ಟದಲ್ಲಿ ಪ್ರಿಂಟ್ ಹಾಕಿದರೆ ಎರಡು ಇಂಚು ಅಗಲಕ್ಕೆ ಮುಗಿಯಿತು. ಪೇಪರಿನಲ್ಲಿ ಚುಕ್ಕಿಗಳು ಅಷ್ಟು ದಟ್ಟ ಬೇಡವಾದ್ದರಿಂದ ಸಣ್ಣ ಗಾತ್ರದ ಸುದ್ದಿಚಿತ್ರಕ್ಕೆ ಅದು ಹೇಗೋ ಸಾಲುತ್ತಿತ್ತು. ಮರ ಬಿದ್ದು ರಸ್ತೆ ಬಂದ್ ಆದ ಫೋಟೋಕ್ಕೆ ಇನ್ನೆಷ್ಟು ಬೇಕು ಮಾರಾಯ್ರೇ.

ತೆಗೆದ ಫೋಟೋವನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ಬೇರೆಯೇ ಕಥೆ. ಎಂಎಂಎಸ್ ಕಳುಹಿಸಲು ಸೆಟ್ಟಿಂಗ್ ತರಿಸಬೇಕು, ದುಡ್ಡೂ ಹೋಗುತ್ತದೆ. ಹಾಗಾಗಿ ಬ್ಲೂಟೂತ್. ಹತ್ತು ಮೀಟರಿನೊಳಗೆ ನಿಂತು, ಕೋಡ್ ಒತ್ತಿ, ಗೆರೆ ತುಂಬುವ ತನಕ ಕಾಯುವುದು. ಒಂದು ಫೋಟೋ ಸಿಗಬೇಕಾದರೆ ಆ ಮನೆಗೆ ಹೋಗಬೇಕಿತ್ತು, ಹೋದರೆ ಚಾ ಕುಡಿಯದೆ ಬರುವ ಹಾಗಿರಲಿಲ್ಲ. ಮೆಮೊರಿ ಕಾರ್ಡ್ ಬಂದ ಮೇಲೆ ಪೇಟೆಯ ಅಂಗಡಿಗಳಲ್ಲಿ ಕಾರ್ಡ್ ತುಂಬಿಸಿ ಕೊಡುವ ಹೊಸ ಕಸುಬು ಹುಟ್ಟಿತು. ಯಕ್ಷಗಾನದ ಪದ, ತಾಳಮದ್ದಳೆ, ತುಳು ಹಾಸ್ಯ, ಭಜನೆ ಎಲ್ಲ ಒಂದೇ ಉಗುರಿನಷ್ಟಗಲದ ಕಾರ್ಡಿನಲ್ಲಿ.

ಜೊತೆಗೆ ಹೆದರಿಕೆಯೂ ಬಂತು, ಅದು ಸುಳ್ಳು ಹೆದರಿಕೆ ಅಲ್ಲ. ಫಿಲ್ಮ್ ಕ್ಯಾಮೆರಾ ಎತ್ತಿದರೆ ಎಲ್ಲರಿಗೂ ಕಾಣುತ್ತಿತ್ತು. ಅರ್ಧ ತೆರೆದ ಫೋನ್ ಕಾಣುವುದಿಲ್ಲ. ಬಸ್ಸಿನಲ್ಲಿ, ತೋಡಿನ ಬದಿಯಲ್ಲಿ ಹುಡುಗಿಯರು ಸೆರಗು, ಶಾಲು ಸರಿಮಾಡಿಕೊಳ್ಳುವಾಗ ಸುತ್ತ ನೋಡುವುದು ಶುರುವಾಯಿತು. ಒಪ್ಪಿಗೆ ಇಲ್ಲದೆ ಒಬ್ಬರ ಖಾಸಗಿ ಅಂಗದ ಚಿತ್ರ ತೆಗೆಯುವುದು, ಹಂಚುವುದು ಮೂರು ವರ್ಷದ ತನಕ ಜೈಲು ಕಾಣಿಸುವ ಅಪರಾಧ ಎಂದು ಐಟಿ ಕಾಯ್ದೆಗೆ 66ಇ ಕಲಂ ಸೇರಿ ಜಾರಿಗೆ ಬಂದದ್ದು 2009ರ ಅಕ್ಟೋಬರದಲ್ಲಿ. ಅಷ್ಟು ಹೊತ್ತಿಗೆ ಕ್ಯಾಮೆರಾ ಊರಿಗೆ ಬಂದು ವರ್ಷಗಳೇ ಆಗಿದ್ದವು.

ಈಗ ದಿನನಿತ್ಯದ ಉಪಯೋಗಕ್ಕೆ ಬರುವ. ಘಟ್ಟದ ಕೆಳಗಿನ ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಟಚ್ ಸ್ಕ್ರೀನ್ ಕೆಲಸ ಮಾಡುವುದು ಬೆರಳು ತಾಗಿದಾಗ ಪರದೆಯ ವಿದ್ಯುತ್ತಿನಲ್ಲಿ ಆಗುವ ಸಣ್ಣ ಬದಲಾವಣೆ ಗುರುತಿಸಿ. ಅದರ ಮೇಲೆ ನೀರಿನ ಹನಿ ಬಿದ್ದರೆ ಬೆರಳು ಯಾವುದು, ಹನಿ ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ. ತೋಟದಲ್ಲಿ ಒದ್ದೆ ಕೈ, ಅಡಿಕೆಯ ಚೊಗರು ಹಿಡಿದ ಬೆರಳು, ಬೋರ್ಡೋ ದ್ರಾವಣ ಮೆತ್ತಿದ ಕೈಗವಸು, ಇದರಲ್ಲಿ ಕೆಲಸ ಮಾಡುವುದು ಒತ್ತುವ ಕೀಲಿ ಮಾತ್ರ. ಮಡಚಿದರೆ ಪರದೆಗೂ ಕೀಲಿಗೂ ಮುಚ್ಚಳ. ಕಿಸೆಯಲ್ಲಿ ತಾನೇ ಯಾರಿಗೋ ಕರೆ ಹೋಗುವುದಿಲ್ಲ. ಜೂನ್‌ನಲ್ಲಿ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಿದ್ದಾಗ ಮನೆಯ ನಾಲ್ಕು ಸ್ಮಾರ್ಟ್ ಫೋನೂ ಸತ್ತಿರುತ್ತವೆ, ಅಜ್ಜಿಯ ಫೋನಿನಲ್ಲಿ ಎರಡು ಗೆರೆ ಉಳಿದಿರುತ್ತದೆ. ಕಾಲು ಜಾರಿ ಬಿದ್ದವರನ್ನು ಆಸ್ಪತ್ರೆಗೆ ಸಾಗಿಸಲು ಜೀಪಿಗೆ ಕರೆ ಹೋಗುವುದು ಅದರಿಂದಲೇ. ಟವರಿನಲ್ಲಿ ಡೀಸೆಲ್ ಇರಬೇಕು, ಅದು ಬೇರೆ ಮಾತು.

ಕರೆ ಮುಗಿಸಲು ಮುಚ್ಚಿದರಾಯಿತು, ಕೆಂಪು ಗುಂಡಿ ಹುಡುಕುವ ಕೆಲಸ ಇಲ್ಲ. ಕಣ್ಣು ಮಂಜಾದವರಿಗೆ ಇದು ಸಣ್ಣ ಸಂಗತಿ ಅಲ್ಲ. ಇಯರ್‌ಫೋನ್ ಚುಚ್ಚಿದರೆ ಅದೇ ಏರಿಯಲ್ ಆಗಿ 100.3ರಲ್ಲಿ ಆಕಾಶವಾಣಿ ಮಂಗಳೂರು ಕೇಳುತ್ತದೆ, ಡಾಟಾ ಖರ್ಚಿಲ್ಲದೆ. ಮದುವೆ ಕಾಗದವೆಂದೋ ದಂಡದ ಚಲನ್ ಎಂದೋ ಬಂದ ಎಪಿಕೆ ಫೈಲ್ ಒತ್ತಿ ಬ್ಯಾಂಕ್ ಖಾತೆ ಖಾಲಿಯಾಗುವ ಭಯವೂ ಇಲ್ಲ, ಏಕೆಂದರೆ ಅದು ಇದರಲ್ಲಿ ತೆರೆಯುವುದೇ ಇಲ್ಲ. ಫೋನ್ ಮಾಡಿ ಒಟಿಪಿ ಕೇಳುವವರು ಮಾತ್ರ ಇದಕ್ಕೂ ಮಾಡುತ್ತಾರೆ. ಅದಕ್ಕೆ ಮನೆಯವರು ಹೇಳಿಕೊಡಬೇಕು.

ಕೊರತೆ? ವಸ್ತುವಿನದ್ದೇ ಕೊರತೆ ಎಂದರೆ ಮೊದಲನೆಯದು ಬಿಜಾಗರಿ. ಕೆಳಗಿನ ಭಾಗದಿಂದ ಮೇಲಿನ ಪರದೆಗೆ ಹೋಗುವ ತೆಳು ರಿಬ್ಬನ್ ವಯರು ಸಾವಿರಾರು ಸಲ ಮಡಚಿ ಮಡಚಿ ಒಂದು ದಿನ ತುಂಡಾಗುತ್ತದೆ. ಪರದೆ ಬಿಳಿ, ರಿಂಗ್ ಮಾತ್ರ ಕೇಳುತ್ತದೆ. ಎರಡನೆಯದು ಕ್ಯಾಮೆರಾ. ಅದರ ಮಸೂರ ಅಲುಗುವುದಿಲ್ಲ, ಹತ್ತಿರದ್ದು ಮಸುಕು. ಪಹಣಿ ಪತ್ರದ ಫೋಟೋ ತೆಗೆದರೆ ಸರ್ವೆ ನಂಬರ್ ಕಾಣುವುದಿಲ್ಲ. ಅಡಿಕೆಗೆ ಎಲೆಚುಕ್ಕಿ ರೋಗ ಬಂದಾಗ ಸೋಗೆಯ ಚುಕ್ಕಿ ತೆಗೆದು ವಿಟ್ಲದ ಸಿಪಿಸಿಆರ್‌ಐ ವಿಜ್ಞಾನಿಗಳಿಗೆ ಕಳುಹಿಸೋಣ ಎಂದರೆ ಹಸುರು ಬಣ್ಣದ ಒಂದು ಮೋಡ ಬರುತ್ತದೆ, ಅಷ್ಟೇ. ಎಲೆಯನ್ನೇ ಕಿತ್ತುಕೊಂಡು ಬಸ್ಸು ಹತ್ತುವುದು ಮೇಲು. ಬೇಸರದ ಸಂಗತಿ ಎಂದರೆ 2022ರಲ್ಲಿ 4,699 ರೂಪಾಯಿಗೆ ಬಂದ ನೋಕಿಯಾ 2660 ಫ್ಲಿಪ್‌ನಲ್ಲೂ ಇದ್ದದ್ದು ಅದೇ 0.3 ಮೆಗಾಪಿಕ್ಸೆಲ್. ಹದಿನೆಂಟು ವರ್ಷದಲ್ಲಿ ಒಂದು ಚುಕ್ಕಿ ಹೆಚ್ಚಾಗಲಿಲ್ಲ. ಅಜ್ಜಿಗೆ ಒಳ್ಳೆಯ ಫೋಟೋ ಯಾಕೆ ಎಂದು ಕಂಪೆನಿಯವರೇ ತೀರ್ಮಾನಿಸಿಬಿಟ್ಟ ಹಾಗಿದೆ.

ಕನ್ನಡದ ವಿಷಯ ಇನ್ನೂ ಹಳೆಯ ಗಾಯ. ಹಳೆಯ ಎಷ್ಟೋ ಸೆಟ್ಟುಗಳಲ್ಲಿ ಕನ್ನಡದ ಮೆಸೇಜ್ ಬಂದರೆ ಚೌಕ ಚೌಕ ಡಬ್ಬಿಗಳು. ಬರೆಯಲು ಆಗುವ ಫೋನಿನಲ್ಲೂ ಇಂಗ್ಲಿಷಿಗೆ ಒಂದು ಮೆಸೇಜಿನಲ್ಲಿ 160 ಅಕ್ಷರ, ಕನ್ನಡಕ್ಕೆ 70. ಅದರಲ್ಲೂ ಒತ್ತು, ಗುಣಿತ ಬೇರೆ ಬೇರೆ ಲೆಕ್ಕ. ಹಾಗಾಗಿ ನಮ್ಮವರು ಕನ್ನಡ, ತುಳು ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಕಲಿತರು, "ಓಲುಲ್ಲರ್" ಎಂದು ಕೇಳಲು ಕೂಡ. ಎಲ್ಲ ಫೋನಿನಲ್ಲೂ ಭಾರತೀಯ ಭಾಷೆಗಳು ಓದಲು ಸಿಗಲೇಬೇಕು ಎಂದು ಕೇಂದ್ರ ಸರಕಾರ ಆದೇಶ ಮಾಡಿದ್ದು 2016ರಲ್ಲಿ. ಅಷ್ಟು ಹೊತ್ತಿಗೆ ಇಂಗ್ಲಿಷ್ ಓದಲು ಬಾರದ ಒಂದು ತಲೆಮಾರು ಮೆಸೇಜ್ ಎಂದರೆ ಮೊಮ್ಮಕ್ಕಳ ಕೈಗೆ ಕೊಡುವ ವಸ್ತು ಎಂದು ರೂಢಿ ಮಾಡಿಕೊಂಡಾಗಿತ್ತು.

ಉಳಿದ ತೊಂದರೆಗಳು ಹೊರಗಿನಿಂದ ಬಂದವು. ಫೋನ್ ಕೆಟ್ಟದ್ದಲ್ಲ, ಸುತ್ತಲಿನ ಲೋಕ ಜಾಗ ಬದಲಿಸಿತು. 2016ರ ಸೆಪ್ಟೆಂಬರದಲ್ಲಿ ಬಂದ ಜಿಯೋದಲ್ಲಿ 2ಜಿ ಎಂಬುದೇ ಇಲ್ಲ, ಹಳೆಯ ಮಡಚುವ ಫೋನಿಗೆ ಆ ಸಿಮ್ ಹಾಕಿ ಪ್ರಯೋಜನವಿಲ್ಲ. 2020ರಲ್ಲಿ ಶಾಲೆ ಮುಚ್ಚಿ ಪಾಠವೆಲ್ಲ ಆನ್‌ಲೈನ್ ಆದಾಗ ಸಾಲ ಮಾಡಿಯಾದರೂ ದೊಡ್ಡ ಫೋನ್ ತಂದವರು ಎಷ್ಟೋ ಮಂದಿ. ಹಾಲಿನ ಸೊಸೈಟಿಯ ಸೂಚನೆ, ಶಾಲೆಯ ಮೀಟಿಂಗ್, ನೀರು ಬಿಡುವ ಹೊತ್ತು, ಕಡೆಗೆ ಊರಿನ ಸಾವಿನ ಸುದ್ದಿಯೂ ವಾಟ್ಸಾಪ್ ಗುಂಪಿಗೆ ಹೋಯಿತು. ಮೊದಲು ಮನೆಮನೆಗೆ ಜನ ಹೋಗಿ ಹೇಳುತ್ತಿದ್ದದ್ದು ನಿಂತಿತು. ಸಣ್ಣ ಫೋನುಗಳಿಗೂ 2018ರಲ್ಲಿ ಬಂದಿದ್ದ ವಾಟ್ಸಾಪ್ 2025ರ ಆರಂಭದಲ್ಲಿ ನಿಂತೇಹೋಯಿತು. ಇಂಥ ಫೋನಿನಲ್ಲೂ ಹಣ ಕಳುಹಿಸಬಹುದು ಎಂದು ರಿಸರ್ವ್ ಬ್ಯಾಂಕ್ 2022ರ ಮಾರ್ಚ್ 8ರಂದು ಯುಪಿಐ 123ಪೇ ಶುರು ಮಾಡಿದೆ. ನಾನು ಸುತ್ತುವ ಪೇಟೆಗಳಲ್ಲಿ ಅದನ್ನು ಬಳಸುವವರನ್ನು ಕಂಡದ್ದು ಬಹಳ ಅಪರೂಪ.

ರೀಚಾರ್ಜ್ ಲೆಕ್ಕವೂ ಹಾಗೆಯೇ. "ಲೈಫ್‌ಟೈಮ್" ಎಂದು ಹಾಕಿಸಿಕೊಂಡು ಬರೀ ಒಳಬರುವ ಕರೆಗೆ ಇಟ್ಟುಕೊಂಡಿದ್ದವರು 2018ರ ಕೊನೆಯಿಂದ ತಿಂಗಳಿಗೆ 35 ರೂಪಾಯಿ ಹಾಕಲೇಬೇಕಾಯಿತು. ಅದು ಏರುತ್ತ ಹೋಗಿ, ಇಂಟರ್‌ನೆಟ್ಟೇ ಇಲ್ಲದ ಫೋನಿಗೂ ಡಾಟಾ ಸೇರಿಸಿದ ಪ್ಯಾಕಿಗೇ ದುಡ್ಡು ಕೊಡುವ ಸ್ಥಿತಿ ಬಂತು. ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ ಪ್ರತ್ಯೇಕ ಪ್ಯಾಕ್ ಕೊಡಲೇಬೇಕು, ಅವಧಿ 365 ದಿನದ ತನಕ ಇರಬಹುದು ಎಂದು ಟ್ರಾಯ್ ನಿಯಮ ಮಾಡಿದ್ದು 2024ರ ಡಿಸೆಂಬರದಲ್ಲಿ. ನಿಮ್ಮ ಮನೆಯಲ್ಲಿ ಕೀಲಿ ಫೋನ್ ಬಳಸುವವರು ಇದ್ದರೆ ಅಂಗಡಿಯಲ್ಲಿ "ಡಾಟಾ ಇಲ್ಲದ ಪ್ಯಾಕ್" ಎಂದು ಬಾಯಿಬಿಟ್ಟು ಕೇಳಿ, ಕೇಳದೆ ಯಾರೂ ಹೇಳುವುದಿಲ್ಲ.

ಇನ್ನು ಕಪಾಟಿನಲ್ಲಿ ಬಿದ್ದಿರುವ ಹಳೆಯ ಫೋನುಗಳ ಮಾತು. ರೇಜರ್ ವಿ3ಯಂಥದ್ದರಲ್ಲಿ ಮೆಮೊರಿ ಕಾರ್ಡ್ ಹಾಕುವ ಜಾಗವೇ ಇರಲಿಲ್ಲ, ಒಳಗಿನ ಜಾಗ ಐದೂವರೆ ಎಂಬಿ. ಹೊಸ ಫೋಟೋ ತೆಗೆಯಲು ಹಳೆಯದನ್ನು ಅಳಿಸಬೇಕಿತ್ತು. ಅಂದರೆ ಅದರಲ್ಲಿ ಉಳಿದಿರುವುದು ಮನೆಯವರಿಗೆ ಅಳಿಸಲು ಮನಸ್ಸು ಬಾರದ ಫೋಟೋಗಳೇ. ಈಗ ಇಲ್ಲದ ಹಿರಿಯರ ಸಹಜವಾದ ಒಂದೇ ಚಿತ್ರ ಅದರೊಳಗೆ ಇರಬಹುದು, ಅಗಲೀಕರಣಕ್ಕೆ ಮುಂಚಿನ ಹೆದ್ದಾರಿಯ ಸಾಲುಮರ ಇರಬಹುದು.

ತೆಗೆಯುವುದು ಕಷ್ಟವಲ್ಲ. ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕಬೇಡಿ, ಅದೇ ನಂಬರಿನ ಬೇರೆ ಬ್ಯಾಟರಿ ಹುಡುಕಿ. ಕಾರ್ಡ್ ಇದ್ದರೆ ತೆಗೆದು ಕಾರ್ಡ್ ರೀಡರಿಗೆ ಹಾಕಿದರಾಯಿತು. ಫೋನಿನ ಒಳಗೇ ಇದ್ದರೆ ಬ್ಲೂಟೂತ್‌ನಿಂದ ಈಗಿನ ಫೋನಿಗೆ ಕಳುಹಿಸಿ. ಕೋಡ್ ಕೇಳಿದರೆ ಹೆಚ್ಚಾಗಿ 0000 ಅಥವಾ 1234. ಸಿಮ್ ಇಲ್ಲದೆ ತೆರೆಯದ ಸೆಟ್ಟುಗಳಿವೆ, ಸಣ್ಣ ಸಿಮ್ಮಿಗೆ ಪ್ಲಾಸ್ಟಿಕ್ ಚೌಕಟ್ಟು ಸಿಗುತ್ತದೆ. 3ಜಿಪಿ ಎಂಬ ಹೆಸರಿನ ವಿಡಿಯೋಗಳು ವಿಎಲ್‌ಸಿಯಲ್ಲಿ ಓಡುತ್ತವೆ. ಫೋಟೋದ ತಾರೀಕನ್ನು ನಂಬಬೇಡಿ, ಬ್ಯಾಟರಿ ತೆಗೆದಾಗಲೆಲ್ಲ ಆ ಫೋನುಗಳ ಗಡಿಯಾರ ಹಿಂದಕ್ಕೆ ಹೋಗುತ್ತಿತ್ತು. ಚಿತ್ರದಲ್ಲಿ ಯಾರು, ಯಾವ ಮನೆಯ ಅಂಗಳ ಎಂದು ಗೊತ್ತಿರುವವರು ಮನೆಯಲ್ಲಿ ಇರುವಾಗಲೇ ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಿ.